ಲೇಟೆಕ್‌ನ ಲೇಬಲ್‌ಗಳು: ಬಹಳ ವರ್ಷ ಬಳಸಿದ ಮೇಲೆ

ಚಿತ್ರ, ಕೋಷ್ಟಕ, ಸಮೀಕರಣ ಜಾಸ್ತಿ ಇರುವ ಬರಹಕ್ಕೆ ನಾನು ಇವತ್ತಿಗೂ ಲೇಟೆಕ್ (LaTeX, ಕಮಾಂಡ್‌ಗಳನ್ನು ಬರೆದು ಪುಟ ಜೋಡಿಸುವ ತಂತ್ರಾಂಶ) ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮುಖ್ಯ ಕಾರಣ ಅದರ ಲೇಬಲ್ ವ್ಯವಸ್ಥೆ: ಚಿತ್ರಕ್ಕೋ ವಿಭಾಗಕ್ಕೋ ಒಂದು ಹೆಸರು (ಲೇಬಲ್) ಕೊಟ್ಟು, ಬೇಕಾದ ಕಡೆ ರೆಫ್ ಕಮಾಂಡ್‌ನಲ್ಲಿ ಆ ಹೆಸರು ಬರೆದರೆ ಅದರ ನಂಬರ್ ಬರುತ್ತದೆ. ನಡುವೆ ಒಂದು ಚಿತ್ರ ಸೇರಿಸಿ, ಇಡೀ ವಿಭಾಗವನ್ನೇ ಕಿತ್ತು ಬೇರೆ ಕಡೆ ಇಡಿ, "ಚಿತ್ರ 4 ನೋಡಿ" ಎಂದಿರುವಲ್ಲೆಲ್ಲ ನಂಬರ್ ತಾನೇ ಸರಿಹೋಗುತ್ತದೆ. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು, ಈಗಲೂ ಗಟ್ಟಿಯಾಗಿದೆ.

ಹೊಸಬರು ಗಾಬರಿಯಾಗುವುದು ಪಿಡಿಎಫ್‌ನಲ್ಲಿ "??" ಕಂಡಾಗ. ಮೊದಲ ಸಲ ಕಂಪೈಲ್ ಮಾಡಿದಾಗ (ಬರೆದದ್ದನ್ನು ಪಿಡಿಎಫ್ ಆಗಿಸಿದಾಗ) ಅದು ಬಂದೇ ಬರುತ್ತದೆ. ಆ ಸುತ್ತಿನಲ್ಲಿ ನಂಬರ್‌ಗಳು ಆಕ್ಸ್ (.aux) ಎಂಬ ಸಹಾಯಕ ಫೈಲ್‌ಗೆ ಹೋಗುತ್ತವೆ, ಮುಂದಿನ ಸುತ್ತಿನಲ್ಲಿ ಲೇಟೆಕ್ ಅವನ್ನು ಓದಿಕೊಳ್ಳುತ್ತದೆ. ಲೇಟೆಕ್‌ಎಂಕೆ (latexmk) ಎಂಬ ಸಾಧನ ಬಳಸಿದರೆ ಎಷ್ಟು ಸುತ್ತು ಬೇಕೋ ಅದೇ ನೋಡಿಕೊಳ್ಳುತ್ತದೆ. ಆಮೇಲೂ "??" ಹೋಗದಿದ್ದರೆ ಲೇಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದೆಯೇ ನೋಡಿ. ಕಂಪೈಲ್ ಅರ್ಧಕ್ಕೆ ನಿಂತಿದ್ದರೆ ಆಕ್ಸ್ ಫೈಲ್ ಕೆಟ್ಟಿರಬಹುದು, ಅಳಿಸಿ ಮತ್ತೆ ಓಡಿಸಿ.

"??" ಆದರೂ ಕಣ್ಣಿಗೆ ಬೀಳುತ್ತದೆ. ತಪ್ಪು ನಂಬರ್ ಬಂದರೆ ಹಾಗೆ ಕಣ್ಣಿಗೆ ಬೀಳುವುದಿಲ್ಲ, ಅದೇ ನನಗೆ ಜಾಸ್ತಿ ಭಯ. ಚಿತ್ರಕ್ಕೆ ನಂಬರ್ ಸಿಗುವುದೇ ಅದರ ಶೀರ್ಷಿಕೆ ಬರೆಯುವ ಕ್ಯಾಪ್ಷನ್ ಕಮಾಂಡ್‌ನಲ್ಲಿ. ಅದಕ್ಕಿಂತ ಮೊದಲೇ ಲೇಬಲ್ ಬರೆದರೆ ಅದು ಆ ವಿಭಾಗದ ನಂಬರನ್ನು ಹಿಡಿದುಕೊಳ್ಳುತ್ತದೆ. "ಚಿತ್ರ 5" ಬರಬೇಕಾದ ಕಡೆ "ಚಿತ್ರ 2.3" ಅಂತ ಬರುತ್ತದೆ. ಓದುವವರು ಎಲ್ಲಿ ಅಂತ ಹುಡುಕಬೇಕು, ಅಲ್ವಾ? ಒಂದೇ ಹೆಸರನ್ನು ಎರಡು ಕಡೆ ಕೊಟ್ಟರೆ ಲಾಗ್‌ನಲ್ಲಿ (ಕಂಪೈಲ್ ವರದಿಯಲ್ಲಿ) ಎಚ್ಚರಿಕೆ ಕೊಡುವ ಲೇಟೆಕ್, ಇಲ್ಲಿ ಮಾತ್ರ ಸುಮ್ನೆ ಇದ್ದುಬಿಡುತ್ತದೆ. ನನ್ನ ದೊಡ್ಡ ದೂರು ಇದೇ. ಕರಡು ಹಂತದಲ್ಲಿ ಶೋಕೀಸ್ (showkeys) ಎಂಬ ಪ್ಯಾಕೇಜ್, ಅಂದರೆ ಲೇಟೆಕ್‌ಗೆ ಸೇರಿಸುವ ಹೆಚ್ಚುವರಿ ಸೌಲಭ್ಯ, ಹಾಕಿಕೊಳ್ಳಿ. ಲೇಬಲ್ ಹೆಸರುಗಳು ಪುಟದಲ್ಲೇ ಕಾಣುತ್ತವೆ, ಯಾವುದು ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ.

ಕ್ಲೆವರೆಫ್ ಪ್ಯಾಕೇಜ್ "ಚಿತ್ರ", "ಕೋಷ್ಟಕ" ಎಂಬ ಪದಗಳನ್ನೂ ತಾನೇ ಸೇರಿಸುತ್ತದೆ. ಆದರೆ ಅದನ್ನು ಪಿಡಿಎಫ್‌ನಲ್ಲಿ ಕೊಂಡಿ ಹಾಕುವ ಹೈಪರ್‌ರೆಫ್ ಪ್ಯಾಕೇಜ್ ಆದ ಮೇಲೆಯೇ ಲೋಡ್ ಮಾಡಬೇಕು. ಕನ್ನಡದ ಹೆಸರುಗಳು ಅದರಲ್ಲಿಲ್ಲ, ನಾವೇ ಒಮ್ಮೆ ಬರೆದುಕೊಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವೂ ಇದೆ. ರೆಫ್ ಕಮಾಂಡ್‌ನ ಆವರಣ ಮುಚ್ಚಿದ ಕೂಡಲೇ ಜಾಗ ಬಿಡದೆ "ರಲ್ಲಿ" ಎಂದು ಬರೆದರೆ "ಚಿತ್ರ 5ರಲ್ಲಿ" ಅಂತ ಚೆನ್ನಾಗಿ ಕೂರುತ್ತದೆ. ನಾಳೆ ಅದು 6 ಆಗಲಿ, 17 ಆಗಲಿ, "ರಲ್ಲಿ" ಬದಲಿಸಬೇಕಾಗಿಲ್ಲ. "ಚಿತ್ರ" ಮತ್ತು ನಂಬರ್ ನಡುವೆ ಮಾತ್ರ ಟಿಲ್ಡೆ (~) ಹಾಕಿ, ಸಾಲು ಅಲ್ಲಿ ಮುರಿಯುವುದಿಲ್ಲ.