ರಂಗಶಂಕರ: ಏಳೂವರೆಗೆ ಸರಿಯಾಗಿ ಬಾಗಿಲು ಹಾಕುವ ಮನೆ

ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಏನಾದರೂ ಮಾಡಬೇಕು ಅನ್ನುವವರು ಸಾಮಾನ್ಯವಾಗಿ ದೇಣಿಗೆ, ಸನ್ಮಾನ, ಶಾಲು-ಹಾರದ ಮಾತಾಡುತ್ತಾರೆ. ಜೆ.ಪಿ. ನಗರ 2ನೇ ಹಂತದ ರಂಗಮಂದಿರ ರಂಗಶಂಕರ ಅದನ್ನೆಲ್ಲ ಬದಿಗಿಟ್ಟು ಒಂದೇ ಕೆಲಸ ಹಿಡಿಯಿತು: ದಿನಕ್ಕೊಂದು ನಾಟಕ, ಹೇಳಿದ ಹೊತ್ತಿಗೆ ಶುರು. ಶಂಕರನಾಗ್ ತೀರಿಕೊಂಡಿದ್ದು 1990ರಲ್ಲಿ. ಅವರ ನೆನಪಿಗಾಗಿ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್ ಕಟ್ಟಿದ ಈ ಮನೆ ತೆರೆದದ್ದು 2004ರ ಅಕ್ಟೋಬರ್‌ನಲ್ಲಿ. ಎರಡು ದಶಕ ದಾಟಿದರೂ ಸೋಮವಾರದ ರಜೆ ಬಿಟ್ಟರೆ ಸಂಜೆಯ ಗಂಟೆ ಹೊಡೆಯುತ್ತಲೇ ಇದೆ. ಇಲ್ಲಿ ನಾಟಕ ನೋಡುವವರಿಗೂ ಆಡುವವರಿಗೂ ಏನು ಸಿಗುತ್ತದೆ, ಎಲ್ಲಿ ಎಡವುತ್ತಾರೆ ಅನ್ನುವುದಷ್ಟೇ ಈ ಬರಹ.

ಮೊದಲು ಆ ಹೆಸರುವಾಸಿ ನಿಯಮ. ಪ್ರದರ್ಶನ 7.30ಕ್ಕೆ ಎಂದಿದ್ದರೆ 7.30ಕ್ಕೆ ಬಾಗಿಲು ಮುಚ್ಚುತ್ತದೆ. 7.31ಕ್ಕೆ ಬಂದವರು ಯಾರೇ ಆಗಿರಲಿ, ಕೈಯಲ್ಲಿ ಟಿಕೆಟ್ ಇರಲಿ, ಒಳಗೆ ಬಿಡುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದವರಿಗೆ ಇದು ಅಹಂಕಾರದಂತೆ ಕಾಣುತ್ತದೆ. ಒಳಗಿನ ರಚನೆ ನೋಡಿದರೆ ಕಾರಣ ತಿಳಿಯುತ್ತದೆ. ವೇದಿಕೆ ಜನರ ನಡುವಿಗೆ ಚಾಚಿಕೊಂಡಿದೆ, ಮೂರು ಕಡೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು. ಕತ್ತಲಲ್ಲಿ ಒಬ್ಬರು ಒಳಬಂದು ಜಾಗ ಹುಡುಕಿದರೆ ಅವರ ಹಿಂದಿನವರಿಗೆ ಮಾತ್ರವಲ್ಲ, ಎದುರು ಬದಿಯ ಇಡೀ ಸಾಲಿಗೆ ಆ ಓಡಾಟ ಕಾಣುತ್ತದೆ. ನಟನಿಗಂತೂ ಅದು ಕಣ್ಣೆದುರೇ. ಮೊಬೈಲ್ ಸದ್ದಡಗಿಸಿ ತೆರೆ ನೋಡುತ್ತ ಕೂರುವವರಿಗೂ ಇದೇ ಮಾತು. ಸದ್ದಿಗಿಂತ ಆ ಬೆಳಕೇ ಇಲ್ಲಿ ಹೆಚ್ಚು ಕಾಟ ಕೊಡುತ್ತದೆ, ಆದ್ದರಿಂದ ಪೂರ್ತಿ ಆರಿಸಿಬಿಡುವುದು ಲೇಸು.

ಹಾಗಾಗಿ ಮನೆ ಬಿಡುವ ಹೊತ್ತನ್ನು 7.30ರಿಂದ ಹಿಂದಕ್ಕೆ ಎಣಿಸಬೇಡಿ, 7ರಿಂದ ಎಣಿಸಿ. ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯುವುದೋ ನಡೆಯುವುದೋ ಸುಲಭವಾಗಿದೆ. ಹಸಿರು ಮಾರ್ಗದವರು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿಕೊಳ್ಳಬಹುದು. ಕಾರು ತಂದರೆ ಸುತ್ತಲಿನ ವಸತಿ ಬೀದಿಗಳಲ್ಲಿ ಜಾಗ ಹುಡುಕುವುದಕ್ಕೇ ಕಾಲು ತಾಸು ಹೋಗುತ್ತದೆ, ಮಳೆ ಬಂದರೆ ಇನ್ನೂ ಹೆಚ್ಚು. ಬೇಗ ಬಂದವರಿಗೆ ಕೆಳಗಿನ ಕೆಫೆ ಇದೆ. ಸಬ್ಬಕ್ಕಿ ವಡೆ, ಅಕ್ಕಿ ರೊಟ್ಟಿಗೆ ಅದು ಹೆಸರಾದದ್ದು. 7.10ಕ್ಕೆ ರೊಟ್ಟಿ ಹೇಳಿ, ಬಿಸಿಬಿಸಿಯಾಗಿ ಬಾಯಿಗೆ ತುರುಕಿಕೊಂಡು ಓಡುವವರನ್ನು ನೋಡುವುದೂ ಒಂದು ಪ್ರಹಸನವೇ.

ಸೀಟಿಗೆ ನಂಬರಿಲ್ಲ, ಮೊದಲು ಬಂದವರಿಗೆ ಮೊದಲ ಆಯ್ಕೆ. ಸುಮಾರು 300 ಜನ ಹಿಡಿಯುವ ಮನೆಯಾದ್ದರಿಂದ ಕೊನೆಯ ಸಾಲಿನಿಂದಲೂ ಮುಖದ ಗೆರೆ ಕಾಣುತ್ತದೆ. ಮೈಕಿಲ್ಲದ ಮಾತು ಕೇಳುತ್ತದೆ. ಮೊದಲ ಸಲ ಬರುವವರು ನಡುವಿನ ಭಾಗದಲ್ಲಿ, ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಕೂರುವುದು ಒಳ್ಳೆಯದು. ಬದಿಯ ಆಸನಗಳಲ್ಲಿ ಪಾತ್ರದ ಬೆನ್ನು, ಪಕ್ಕೆಗಳೇ ಹೆಚ್ಚು ಸಿಗುವ ಅಪಾಯವಿದೆ. ಅದು ನಿರ್ದೇಶಕರ ಕೈಚಳಕವನ್ನು ಅವಲಂಬಿಸಿದ್ದು. ಅದೇ ನಾಟಕವನ್ನು ಎರಡನೇ ಸಲ ನೋಡುವಾಗ ಮಾತ್ರ ಬೇಕೆಂದೇ ಬದಿಯಲ್ಲಿ ಕೂರಿ. ಮಾತಿಲ್ಲದ ಪಾತ್ರ ಏನು ಮಾಡುತ್ತಿದೆ ಅನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮಂಗಳವಾರ, ಬುಧವಾರದ ಪ್ರದರ್ಶನಗಳಲ್ಲಿ ಜನ ಕಡಿಮೆ ಇದ್ದಾಗ ಪ್ರೇಕ್ಷಕರು ಸಂಕೋಚದಿಂದ ಹಿಂದೆ, ಬದಿಗೆ ಚೆಲ್ಲಿಹೋಗುತ್ತಾರೆ. ಐವತ್ತು ಜನ ನಡುವಿನಲ್ಲಿ ಒತ್ತಾಗಿ ಕೂತರೆ ತಂಡಕ್ಕೆ ಅದು ತುಂಬಿದ ಮನೆಯೇ. ಚೆಲ್ಲಿಹೋದರೆ ನಗೆಯೂ ಚೆಲ್ಲಿಹೋಗುತ್ತದೆ.

ಆಡುವವರಿಗೆ ಈ ವೇದಿಕೆ ವರವೂ ಹೌದು, ಉರುಳೂ ಹೌದು. ನಮ್ಮಲ್ಲಿ ಬಹುಪಾಲು ತಂಡಗಳು ಕಲಿತದ್ದು ಚೌಕಟ್ಟಿನ ರಂಗದಲ್ಲಿ, ಅಂದರೆ ರವೀಂದ್ರ ಕಲಾಕ್ಷೇತ್ರದಂಥ, ಮುಂದೊಂದು ಪರದೆ, ಎದುರಿಗೆ ಮಾತ್ರ ಜನ ಇರುವ ಕಡೆ. ಅಲ್ಲಿ ಕಟ್ಟಿದ ನಾಟಕವನ್ನು ಹಾಗೇ ಎತ್ತಿಕೊಂಡು ಇಲ್ಲಿಗೆ ಬಂದರೆ ಮೂರು ಜಾಗದಲ್ಲಿ ಪೆಟ್ಟು ಬೀಳುತ್ತದೆ.

ಮೊದಲ ಪೆಟ್ಟು ಸಜ್ಜಿಕೆಗೆ, ಅಂದರೆ ರಂಗದ ಮೇಲಿನ ಸೆಟ್ಟಿಗೆ. ಎತ್ತರದ ಫ್ಲ್ಯಾಟುಗಳನ್ನು, ಅಂದರೆ ಗೋಡೆಯಂತೆ ನಿಲ್ಲಿಸುವ ಚೌಕಟ್ಟುಗಳನ್ನು, ಎರಡು ಬದಿಗೆ ನಿಲ್ಲಿಸಿದರೆ ಮೂರರಲ್ಲಿ ಎರಡು ಭಾಗದ ಪ್ರೇಕ್ಷಕರಿಗೆ ಗೋಡೆಯೇ ನಾಟಕ. ಎತ್ತರದ್ದೆಲ್ಲ ಹಿಂಬದಿಯ ಗೋಡೆಗೆ ಸರಿಯಬೇಕು. ಮುಂಭಾಗದಲ್ಲಿ ಇಡುವ ಕುರ್ಚಿ, ಮಂಚ, ಪೆಟ್ಟಿಗೆಗಳು ಸೊಂಟದೆತ್ತರ ಮೀರಬಾರದು, ಬೆನ್ನಿಲ್ಲದ ಮಣೆ ಇನ್ನೂ ಮೇಲು. ಹಿಂದಿನ ತೆರೆಯ ಮೇಲೆ ವಿಡಿಯೋ ಬಿಡುವ ಚಾಳಿ ಈಗ ಎಲ್ಲರಿಗೂ ಹತ್ತಿದೆ. ತುದಿಯ ಆಸನದಿಂದ ಆ ಚಿತ್ರ ಓರೆಯಾಗಿ ಕಾಣುತ್ತದೆ, ಅಕ್ಷರ ಓದಲಾಗುವುದಿಲ್ಲ. ಓದಲೇಬೇಕಾದ ಮಾತನ್ನು ಯಾರಾದರೂ ಬಾಯಲ್ಲಿ ಹೇಳಲಿ.

ಎರಡನೆಯದು ನಟರ ನಿಲುವು. ಚೌಕಟ್ಟಿನ ರಂಗದಲ್ಲಿ ಮುಖ್ಯ ಮಾತಿಗೆ ನಟ ಮುಂದಕ್ಕೆ, ನಡುವಿಗೆ ಬರುತ್ತಾನೆ. ಇಲ್ಲಿ ಹಾಗೆ ತುದಿಗೆ ಬಂದರೆ ಬದಿಯ ಮೇಲಿನ ಆಸನಗಳಿಗೆ ಅವನ ಬೆನ್ನು. ಹಿಂಬದಿಯ ನಡುಭಾಗವೇ ಎಲ್ಲರಿಗೂ ಮುಖ ಕಾಣುವ ಜಾಗ. ಇಬ್ಬರ ಸಂಭಾಷಣೆಯನ್ನು ಅಡ್ಡಗೆರೆಯಲ್ಲಿ ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಬೇಕು, ಅರ್ಧ ನಿಮಿಷಕ್ಕೊಮ್ಮೆ ನೆಪ ಹುಡುಕಿ ಜಾಗ ಬದಲಿಸಬೇಕು. ತಾಲೀಮಿನ ಕೊನೆಯ ಹತ್ತು ದಿನ ನಿರ್ದೇಶಕರು ಒಂದೇ ಕುರ್ಚಿಯಲ್ಲಿ ಕೂರದೆ ದಿನಕ್ಕೊಂದು ಬದಿಯಿಂದ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಸುಣ್ಣದಲ್ಲೋ ಟೇಪಿನಲ್ಲೋ ನೆಲದ ಮೇಲೆ ವೇದಿಕೆಯ ನಿಜವಾದ ಅಳತೆ ಗುರುತಿಸಿಕೊಂಡೇ ತಾಲೀಮು ಮಾಡಿ. ಅಳತೆಯ ನಕ್ಷೆಯನ್ನು ರಂಗಮಂದಿರದ ತಾಂತ್ರಿಕ ವಿಭಾಗದಿಂದ ಕೇಳಿ ತೆಗೆದುಕೊಳ್ಳಿ, ಅಂದಾಜಿಗೆ ಬಿಡಬೇಡಿ.

ಮೂರನೆಯದು ಬೆಳಕು. ಮುಂದಿನಿಂದ ಮಾತ್ರ ಬೆಳಕು ಬಿಟ್ಟರೆ ಬದಿಯವರಿಗೆ ಅರ್ಧ ಮುಖ ಕತ್ತಲು. ಬದಿಗಳಿಂದಲೂ ಬಿಡಲು ಹೋದರೆ ಕೋನ ತುಸು ತಗ್ಗಿದರೂ ಸಾಕು, ಎದುರಿನ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ಮೂರು ದಿಕ್ಕಿನಿಂದ, ಕಡಿದಾದ ಕೋನದಲ್ಲಿ, ಮೇಲಿನಿಂದ ಇಳಿಸಬೇಕು. ಇದರಿಂದ ದೀಪಗಳ ಸಂಖ್ಯೆಯೂ ಫೋಕಸ್ ಮಾಡುವ ಹೊತ್ತೂ ಹೆಚ್ಚಾಗುತ್ತದೆ. ಚೌಕಟ್ಟಿನ ರಂಗದಲ್ಲಿ ಎರಡು ತಾಸಿಗೆ ಮುಗಿಯುವ ಕೆಲಸಕ್ಕೆ ಇಲ್ಲಿ ನಾಲ್ಕು ತಾಸು ಇಟ್ಟುಕೊಳ್ಳಿ. ಬೆಳಿಗ್ಗೆ ಸಜ್ಜಿಕೆ, ಮಧ್ಯಾಹ್ನದೊಳಗೆ ಫೋಕಸ್, 2ರಿಂದ 4ರವರೆಗೆ ಕ್ಯೂಗಳನ್ನಷ್ಟೇ (ಬೆಳಕು, ಸದ್ದು ಬದಲಾಗಬೇಕಾದ ಜಾಗಗಳನ್ನು) ಓಡಿಸುವುದು, 4ರಿಂದ ಒಂದು ಪೂರ್ತಿ ಓಟ (ಇಡೀ ನಾಟಕವನ್ನು ಒಮ್ಮೆ ಆಡಿ ನೋಡುವುದು), 6ಕ್ಕೆ ಪ್ರಸಾಧನ. ಈ ಸರಪಳಿಯಲ್ಲಿ ಮೊದಲು ತುಂಡಾಗುವುದು ಯಾವಾಗಲೂ ಪೂರ್ತಿ ಓಟ. ಸಜ್ಜಿಕೆಯ ಟೆಂಪೋ ಒಂದು ತಾಸು ತಡವಾದರೆ ಎಲ್ಲರೂ ಕತ್ತರಿ ಹಾಕುವುದು ಅದಕ್ಕೇ, ಆಮೇಲೆ ಸಂಜೆ ದೀಪದ ಹುಡುಗ ನಾಟಕವನ್ನು ಜನರ ಜೊತೆಯಲ್ಲೇ ಮೊದಲ ಸಲ ನೋಡುತ್ತಾನೆ.

ಈ ಅಡಚಣೆಗಳನ್ನೇ ಬಲವಾಗಿಸಿಕೊಂಡ ನಾಟಕಗಳು ಇಲ್ಲಿ ಮಿಂಚಿವೆ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನು ನೆನೆಯಿರಿ: ಒಬ್ಬ ನಟಿ, ಒಂದು ಟಿ.ವಿ. ಪರದೆ, ಪರದೆಯೊಳಗೆ ಅವಳದೇ ಮುಖ. ಅಂಥ ಹತ್ತಿರದ ನಾಟಕ ಸಾವಿರದ ಆಸುಪಾಸಿನ ಜನ ಕೂರುವ ದೊಡ್ಡ ಸಭಾಂಗಣದಲ್ಲಿ ಕರಗಿಹೋಗುತ್ತದೆ. ಕಂಪನಿ ಶೈಲಿಯ ಪರದೆಗಳು, ಮೇಳ, ನಲವತ್ತು ಜನರ ದರ್ಬಾರು ಇರುವ ನಾಟಕಕ್ಕೆ ಕಲಾಕ್ಷೇತ್ರವೇ ಸರಿ. ಬಯಲೇ ಬೇಕೆಂದರೆ ಅದರ ಹಿಂದಿನ ಸಂಸ ಬಯಲು ರಂಗಮಂದಿರವಿದೆ, ಜೆ.ಸಿ. ರಸ್ತೆಯ ಹಾರನ್ನನ್ನು ಪಾತ್ರವರ್ಗಕ್ಕೆ ಸೇರಿಸಿಕೊಳ್ಳುವುದಾದರೆ. ಮೊದಲ ಪ್ರಯೋಗಕ್ಕೆ ಇಳಿಯುವ ಹೊಸ ತಂಡಕ್ಕೆ ಹನುಮಂತನಗರದ ಕೆ.ಎಚ್. ಕಲಾಸೌಧ ಹೆಚ್ಚು ಹೊಂದುತ್ತದೆ. ಚೌಕಟ್ಟಿನ ರಂಗ, ಅಕ್ಕಪಕ್ಕದ ಬೀದಿಗಳಿಂದ ನಡೆದೇ ಬರುವ ಪ್ರೇಕ್ಷಕರು. ಅಲ್ಲಿ ನಾಲ್ಕು ಪ್ರಯೋಗ ಮಾಡಿ ಹದ ಬಂದ ಮೇಲೆ ರಂಗಶಂಕರಕ್ಕೆ ಮರುವಿನ್ಯಾಸ ಮಾಡಿಕೊಂಡು ಬರುವುದು ಜಾಣತನ. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಾದ್ದರಿಂದ ಮಧ್ಯೆ ಬೇಕಾದಷ್ಟು ಹೊತ್ತು ಸಿಕ್ಕೇ ಸಿಗುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿಯ ಬಾಡಿಗೆ ನಗರದ ಖಾಸಗಿ ಸಭಾಂಗಣಗಳ ಮುಂದೆ ತೀರಾ ಕಡಿಮೆ. ಹಾಗಂತ ತಂಡಕ್ಕೆ ಉಳಿಯುತ್ತದೆ ಅಂದುಕೊಳ್ಳಬೇಡಿ. ಟಿಕೆಟ್ 200 ರೂಪಾಯಿ, 180 ಜನ ಬಂದರು ಅಂತ ಇಟ್ಟುಕೊಳ್ಳಿ: 36,000. ಅದರಲ್ಲಿ 30 ಜನ ‘ಪಾಸ್ ಇದ್ಯಾ?’ ಎಂದು ಕೇಳಿ ಬಂದವರಾದರೆ 6,000 ಅಲ್ಲೇ ಹೋಯಿತು. ಉಳಿದ 30,000ದಲ್ಲಿ ಬಾಡಿಗೆ, ಹೆಚ್ಚುವರಿ ದೀಪ, ಟೆಂಪೋ, ಪ್ರಸಾಧನ, ಇಸ್ತ್ರಿ, ನಾಟಕಕಾರರ ಗೌರವಧನ, 15 ಜನರಿಗೆ ಎರಡು ಹೊತ್ತಿನ ಊಟ. 500 ರೂಪಾಯಿ ಮೀರದ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ ಅನ್ನುವುದೊಂದೇ ಸಮಾಧಾನ.

ಇಷ್ಟರಲ್ಲಿ ಸಂಜೆಯ ಖರ್ಚು ಹೇಗೋ ಸರಿಹೋಗುತ್ತದೆ. ಸರಿಹೋಗದ್ದು ಅದಕ್ಕೆ ಮೊದಲಿನ 45 ಸಂಜೆಗಳದು. ತಾಲೀಮಿನ ಕೋಣೆಗೆ ತಾಸಿಗೆ 200 ರೂಪಾಯಿ ಎಂದರೂ ದಿನಕ್ಕೆ 3 ತಾಸಿನಂತೆ 27,000 ಆಗುತ್ತದೆ. ರಂಗಶಂಕರ ಪ್ರದರ್ಶನದ ಸಂಜೆಯನ್ನು ಇಡೀ ದೇಶಕ್ಕೆ ಮಾದರಿಯಾಗುವಂತೆ ಪರಿಹರಿಸಿದೆ. ತಾಲೀಮಿನ ಸಂಜೆಗಳನ್ನು ಮುಟ್ಟಿಲ್ಲ, ಒಂದು ಕಟ್ಟಡದಿಂದ ಅದು ಆಗುವಂಥದ್ದೂ ಅಲ್ಲ. ನಗರದಲ್ಲಿ ತಂಡಗಳು ಸೊರಗುತ್ತಿರುವುದು ಇಲ್ಲಿಯೇ. ಶನಿವಾರ ಮಧ್ಯಾಹ್ನದ ಮೇಲೆ ಬೀಗ ಬೀಳುವ ಶಾಲೆಯ ಹಜಾರ, ಅಪಾರ್ಟ್‌ಮೆಂಟಿನ ಖಾಲಿ ಸಮುದಾಯ ಭವನ ಯಾರ ಸುಪರ್ದಿಯಲ್ಲಿದೆಯೋ ಅವರು ಒಂದು ತಂಡಕ್ಕೆ ಆರು ವಾರ ಬೀಗದ ಕೈ ಕೊಟ್ಟರೆ ಅದು ಒಂದು ಲಕ್ಷದ ಸನ್ಮಾನಕ್ಕಿಂತ ಹೆಚ್ಚಿನ ಉಪಕಾರ. ಬೇಕಾಗುವುದು ಇಷ್ಟೇ: 25 ಅಡಿ ಉದ್ದಗಲದ ಖಾಲಿ ನೆಲ, ಒಂದು ಫ್ಯಾನು, ಶೌಚಾಲಯ, ಗಟ್ಟಿಯಾಗಿ ಮಾತಾಡಿದರೆ ಬೈಯದ ನೆರೆಹೊರೆ. ಕೊನೆಯದು ಸಿಗುವುದೇ ಕಷ್ಟ.

ಪ್ರೇಕ್ಷಕರು ಮಾಡಬಹುದಾದ್ದು ಚಿಕ್ಕದು, ಆದರೆ ಲೆಕ್ಕಕ್ಕೆ ಬರುತ್ತದೆ. ಶನಿವಾರದ ನಾಟಕದ ಟಿಕೆಟ್ಟನ್ನು ಬುಧವಾರದೊಳಗೆ ಕೊಳ್ಳಿ. ಮುಂಗಡ ಎಷ್ಟು ಹೋಗಿದೆ ಎಂದು ಗೊತ್ತಾದರೆ ಪ್ರಚಾರಕ್ಕೆ ಇನ್ನೆಷ್ಟು ಸುರಿಯಬೇಕೆಂದು ತಂಡ ನಿರ್ಧರಿಸಬಲ್ಲದು. ಬುಕ್‌ಮೈಶೋದಲ್ಲಿ ಕೊಂಡರೆ ಸೇವಾಶುಲ್ಕ ನಿಮ್ಮ ಮೇಲೆ, ಹತ್ತಿರದಲ್ಲೇ ಇರುವವರಿಗೆ ರಂಗಮಂದಿರದ ಕೌಂಟರ್ ವಾಸಿ. ವಾರಾಂತ್ಯದಲ್ಲಿ 3.30ಕ್ಕೂ 7.30ಕ್ಕೂ ಎರಡು ಪ್ರದರ್ಶನ ಇದ್ದರೆ ಮಧ್ಯಾಹ್ನದ್ದಕ್ಕೆ ಹೋಗಿ. ಒಂದೇ ಸಜ್ಜಿಕೆ, ಒಂದೇ ಟೆಂಪೋ ಖರ್ಚಿನಲ್ಲಿ ಎರಡು ಆಟ ಆಗುವ ದಿನವೇ ತಂಡಕ್ಕೆ ನಾಲ್ಕು ಕಾಸು ಕಾಣುವ ದಿನ, ಆದರೆ ಊಟದ ನಂತರದ ಆಟಕ್ಕೆ ಜನ ಬರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಪ್ರಕಟಣೆಯಲ್ಲಿರುವ ವಯಸ್ಸಿನ ಸೂಚನೆ ನೋಡಿಕೊಳ್ಳಿ. ಚಿಕ್ಕವರಿಗಾಗಿಯೇ ‘ಆಹಾ!’ ಹೆಸರಿನ ಕಾರ್ಯಕ್ರಮಗಳಿವೆ.

ಸಾಹಿತ್ಯದ ಕಡೆಯಿಂದ ನೋಡಿದರೆ ರಂಗಶಂಕರಕ್ಕೆ ಅರ್ಧ ಅಂಕವಷ್ಟೇ. ಹಜಾರದಲ್ಲಿ ಪುಸ್ತಕದಂಗಡಿ ಇದೆ, ಜನರೂ ಕಣ್ಣಾಡಿಸುತ್ತಾರೆ. ಆದರೆ ಅವತ್ತು ನೋಡಿದ ನಾಟಕದ ಪಠ್ಯ ಅವತ್ತೇ ಮಾರಾಟಕ್ಕಿರುವುದು ಅಪರೂಪ. ಇದರಲ್ಲಿ ತಪ್ಪು ತಂಡಗಳದೇ ಹೆಚ್ಚು. ಧಾರವಾಡದ ಮನೋಹರ ಗ್ರಂಥಮಾಲಾ, ಹೆಗ್ಗೋಡಿನ ಅಕ್ಷರ ಪ್ರಕಾಶನ ನಾಟಕಗಳನ್ನು ಬಿಡದೆ ಅಚ್ಚು ಹಾಕಿಕೊಂಡು ಬಂದಿವೆ. ಹದಿನೈದು ದಿನ ಮೊದಲು ಪ್ರಕಾಶಕರಿಗೆ ಒಂದು ಫೋನು ಮಾಡಿ, ಮಾರಾಟವಾಗದ್ದನ್ನು ಹಿಂದಿರುಗಿಸುವ ಕರಾರಿನಲ್ಲಿ 25 ಪ್ರತಿ ತರಿಸಿ, ಬಾಗಿಲ ಬಳಿ ಒಂದು ಮೇಜಿಡಲು ರಂಗಮಂದಿರದ ಅನುಮತಿ ಪಡೆದರೆ ಮುಗಿಯಿತು. ನಾಟಕ ಮುಗಿದು ಚಪ್ಪಾಳೆಯ ಬಿಸಿ ಆರುವ ಮೊದಲ ಹತ್ತು ನಿಮಿಷದಲ್ಲಿ ಹೋಗುವಷ್ಟು ಪ್ರತಿ, ಭಾನುವಾರ ಬೆಳಿಗ್ಗೆ ಉಪ್ಪಿಟ್ಟು-ಕಾಫಿ ಹಾಕಿ ಮಾಡುವ ಪುಸ್ತಕ ಬಿಡುಗಡೆಯಲ್ಲೂ ಹೋಗುವುದಿಲ್ಲ. ಪಠ್ಯ ಸಿಗದ ಪ್ರೇಕ್ಷಕರು ಗಾಂಧಿ ಬಜಾರಿನ ಅಂಕಿತ ಪುಸ್ತಕದಲ್ಲಿ ವಿಚಾರಿಸಬಹುದು, ಆದರೆ ಮರುದಿನಕ್ಕೆ ಆ ಹುಮ್ಮಸ್ಸು ಉಳಿದಿರಬೇಕಲ್ಲ.

ತಂಡಗಳಿಗೆ ಇನ್ನೊಂದು. ಮರುದಿನ ಬೇರೆಯವರ ನಾಟಕ ಇರುವುದರಿಂದ ಅದೇ ರಾತ್ರಿ ವೇದಿಕೆ ತೆರವಾಗಬೇಕು. ಜನ ಹಿಂದಕ್ಕೆ ಬಂದು ಕೈಕುಲುಕುತ್ತಾರೆ, ಫೋಟೋ ತೆಗೆಯುತ್ತಾರೆ, ಬಣ್ಣ ಅಳಿಸುವ ಹೊತ್ತಿಗೆ ಹತ್ತಾಗಿರುತ್ತದೆ. ಬಿಚ್ಚುವುದಕ್ಕೆಂದೇ ನಾಲ್ಕು ಜನರನ್ನು, ನಟರಲ್ಲದವರನ್ನು, ಮೊದಲೇ ಹೆಸರಿಸಿಡಿ. ಪರಿಕರಗಳ ಪಟ್ಟಿ ಅವರ ಕೈಯಲ್ಲಿರಲಿ, ತುಂಬುವಾಗ ಒಂದೊಂದಾಗಿ ಗುರುತು ಹಾಕಲಿ. ಚೊಂಬು, ಕನ್ನಡಕ, ಊರುಗೋಲಿನಂಥವೇ ಯಾವಾಗಲೂ ಹಿಂದುಳಿಯುವುದು. ಟೆಂಪೋದವರಿಗೆ ಬಾಡಿಗೆ ಹೇಳುವಾಗ ಹತ್ತೂವರೆ ಎಂದೇ ಹೇಳಿ, ಒಂಬತ್ತೂವರೆಗೆ ಬರಹೇಳಿದರೆ ಕಾಯುವ ಕೂಲಿ ಬೇರೆ ಕೊಡಬೇಕಾಗುತ್ತದೆ.