ಟುಲುಮ್ ಬಸ್ ಟೂರ್: ಗೈಡ್‌ಗೆ ಐದು ಸ್ಟಾರ್, ಕಂಪನಿಗೆ ಎರಡೇ

ಮೆಕ್ಸಿಕೋದ ಕಾಂಕೂನ್‌ಗೆ ಹೋದವರು ಸಮುದ್ರ ದಂಡೆಯ ಹಳೇ ಮಾಯಾ ಊರಿನ ಅವಶೇಷವಾದ ಟುಲುಮ್ ನೋಡಲು ಟೂರ್ ಬುಕ್ ಮಾಡೇ ಮಾಡುತ್ತಾರೆ. ನಾವೂ ಮಾಡಿದೆವು. ಕಂಪನಿ ಹೆಸರು ಬೇಡ ಬಿಡಿ. ಬೆಳಗ್ಗೆ ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಂಡು, ದಾರಿಯಲ್ಲಿ ಬೆಳ್ಳಿ ಒಡವೆ ಅಂಗಡಿಯಲ್ಲಿ ಸುಮ್ನೆ ಹೊತ್ತು ಕಳೆಸಿ, ಟುಲುಮ್ ಮುಟ್ಟಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಒಳಗೆ ನೆರಳು ತೀರಾ ಕಮ್ಮಿ.

ಗೈಡ್ ಮಾತ್ರ ಬಂಗಾರದಂಥ ಮನುಷ್ಯ. ಈ ಕಡೆಯ ಮೂಲನಿವಾಸಿಗಳಾದ ಮಾಯಾ ಜನಾಂಗದವರು, ಮನೆಯಲ್ಲಿ ಇವತ್ತಿಗೂ ಮಾಯಾ ಭಾಷೆಯೇ ಆಡೋದಂತೆ. ಬಸ್ಸಲ್ಲಿ ಯಾರೋ ಮಾಯಾ ಜನ ಎಲ್ಲಿ ಹೋದರು ಅಂತ ಕೇಳಿದ್ದಕ್ಕೆ, "ಇಲ್ಲೇ ಮೈಕ್ ಹಿಡಿದು ನಿಂತಿದೀನಲ್ಲ" ಅಂದರು.

ಅವರಿಲ್ಲದಿದ್ದರೆ ನಮಗೆ ಕಾಣುತ್ತಿದ್ದದ್ದು ಕಲ್ಲು ಮತ್ತು ನೀಲಿ ಸಮುದ್ರ, ಅಷ್ಟೇ. ಟುಲುಮ್ ಅಸಲಿಗೆ ಒಂದು ಬಂದರು. 13ನೇ ಶತಮಾನದಿಂದ 15ನೇ ಶತಮಾನದವರೆಗೆ ಇದರ ಒಳ್ಳೆಯ ಕಾಲ. ಆಗ ದೊಡ್ಡ ದೊಡ್ಡ ದೋಣಿಗಳಲ್ಲಿ ಉಪ್ಪು, ಹತ್ತಿ ಬಟ್ಟೆ, ತಾಮ್ರದ ಸಾಮಾನು ಕರಾವಳಿ ಉದ್ದಕ್ಕೂ ಓಡಾಡುತ್ತಿದ್ದವು, ಚಾಕುವಿನಂತೆ ಹರಿತವಾದ ಅಬ್ಸಿಡಿಯನ್ ಕಲ್ಲು ದೂರದ ಗ್ವಾಟೆಮಾಲಾದಿಂದ ಬರುತ್ತಿತ್ತು. ಒಂದು ಕಡೆ ಸುಮಾರು 12 ಮೀಟರ್ ಎತ್ತರದ ಬಂಡೆಯ ಕೆಳಗೆ ಕೆರಿಬಿಯನ್ ಸಮುದ್ರ, ಉಳಿದ ಮೂರು ಕಡೆ ದಪ್ಪ ಗೋಡೆ. ಅದರಲ್ಲಿ ಐದೇ ಐದು ಬಾಗಿಲು, ಅವೂ ಇಕ್ಕಟ್ಟು. ನಾವು ಒಬ್ಬರ ಹಿಂದೆ ಒಬ್ಬರು ನುಗ್ಗಿ ಒಳಗೆ ಹೋಗಬೇಕಾಯಿತು. ಶತ್ರುಗಳಿಗೂ ಅದೇ ಗತಿ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಎರಡು. ಚಿಕ್ಕ ಗುಡಿಯೊಂದರ ಬಾಗಿಲ ಮೇಲೆ ತಲೆ ಕೆಳಗೆ, ಕಾಲು ಮೇಲೆ ಮಾಡಿ ಆಕಾಶದಿಂದ ಧುಮುಕುತ್ತಿರುವ ದೇವರು. ಇನ್ನೊಂದು, ಭಿತ್ತಿಚಿತ್ರದ ಗುಡಿಯ ಮೂಲೆಯಲ್ಲಿರುವ ದೊಡ್ಡ ಮುಖ: ಕಣ್ಣೊಂದು ಈ ಗೋಡೆಯಲ್ಲಿ, ಇನ್ನೊಂದು ಆ ಗೋಡೆಯಲ್ಲಿ, ಮೂಗು ಸರಿಯಾಗಿ ಮೂಲೆಗೆ. ಕ್ಯಾಸ್ಟಿಯೋ ಅನ್ನೋ ಇಲ್ಲಿನ ಅತಿ ಎತ್ತರದ ಕಟ್ಟಡ ಹತ್ತಲು ಬಿಡುವುದಿಲ್ಲ, ಕೆಳಗಿನಿಂದಲೇ ನೋಡಬೇಕು.

1518ರಲ್ಲಿ ಸ್ಪೇನಿನ ದಂಡಯಾತ್ರೆಯ ನಾಯಕ ಗ್ರಿಹಾಲ್ವಾನ ಹಡಗುಗಳು ಈ ಕರಾವಳಿಯಲ್ಲಿ ಹಾದುಹೋದವು. ಆಮೇಲೂ ಕೆಲವು ದಶಕ ಊರು ಉಸಿರಾಡಿಕೊಂಡಿತ್ತು. ಸ್ಪೇನಿನವರು ತಂದ ಸಿಡುಬಿನಂಥ ರೋಗಗಳು ಕರಾವಳಿಯ ಜನರನ್ನು ಮುಗಿಸಿದವು, 16ನೇ ಶತಮಾನದ ಕೊನೆಗೆ ಊರು ಖಾಲಿ. ಇಲ್ಲಿ ಸಿಕ್ಕ, ಕ್ರಿ.ಶ. 564ರ ದಿನಾಂಕ ಕೆತ್ತಿದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇದನ್ನು ಹೇಳುವಾಗ ಗೈಡ್ ಮುಖ ಸ್ವಲ್ಪ ಬಿಗಿಯಾಯಿತು.

ಇಷ್ಟು ಕೇಳುವಷ್ಟರಲ್ಲಿ ಟೈಮ್ ಆಯ್ತು ಅಂತ ಬಸ್ಸಿಗೆ ಕರೆದರು. ಒಡವೆ ಅಂಗಡಿಗೆ ಪುರುಸೊತ್ತು ಇತ್ತು, ಇದಕ್ಕೆ ಇರಲಿಲ್ಲ! ಊಟದ ಬಗ್ಗೆ ಹೇಳೋಕೆ ಏನೂ ಇಲ್ಲ, ಸಸ್ಯಾಹಾರಿಗಳಿಗೆ ಅನ್ನ ಮತ್ತು ಹುರುಳಿಯಂಥ ಕರಿ ಬೀನ್ಸ್.

ನೀವು ಹೋಗುವುದಾದರೆ ಪ್ಯಾಕೇಜ್ ಬಿಡಿ. ಹಿಂದಿನ ರಾತ್ರಿ ಟುಲುಮ್ ಊರಲ್ಲೇ ಉಳಿದು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಗೇಟ್ ಹತ್ತಿರ ಲೈಸೆನ್ಸ್ ಇರುವ ಗೈಡ್ ಹಿಡಿಯಿರಿ. ಅವಶೇಷಗಳ ಸುತ್ತ ಇರುವ ಪಾರ್ಕಿನ ಶುಲ್ಕ ಬೇರೆ, ಅವಶೇಷಗಳ ಟಿಕೆಟ್ ಬೇರೆ, ದುಡ್ಡು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ದೊಡ್ಡ ಪಿರಮಿಡ್ಡೇ ನೋಡಬೇಕು ಅನ್ನುವವರು ಚಿಚೆನ್ ಇಟ್ಜಾಗೆ ಹೋಗಿ, ಇಲ್ಲಿ ಅದು ಸಿಗಲ್ಲ.