ದಾದರಿನ ಆಪ್ತಸಲಹಾ ಕೇಂದ್ರ: ಸೀರೆ ಉಡುವ ಗಂಡನ ಜೊತೆ ಹೋಗಿಬಂದವಳ ಅಭಿಪ್ರಾಯ

ಮುಂಬಯಿಯ ದಾದರ್ ಪಶ್ಚಿಮದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿರುವ ಆಪ್ತಸಲಹಾ ಕೇಂದ್ರದ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಾಗ ನಮ್ಮ ಯಜಮಾನರು ಸೀರೆ ಉಡುತ್ತಾರೆಂಬುದು ಮದುವೆಯಾಗಿ ಬಹುಕಾಲದ ಮೇಲೆ ನನಗೆ ತಿಳಿದದ್ದರಿಂದ ನಾವಿಬ್ಬರೂ ಅಲ್ಲಿಗೆ ಹೋಗಬೇಕಾಯಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಡೊಂಬಿವಲಿಯಿಂದ ಮಾಟುಂಗದವರೆಗೆ ಕನ್ನಡದವರೆಲ್ಲ ಒಂದಲ್ಲ ಒಂದು ಬಳಗದಲ್ಲಿ ಪರಿಚಿತರೇ ಆಗಿರುವಾಗ, ಆ ಮೆಟ್ಟಿಲು ಹತ್ತುವವರು ಯಾರೆಂದು ಯಾರೂ ಲೆಕ್ಕ ಹಾಕುವಂತಾಗಬಾರದು.

ಇದಕ್ಕೆ ಮೊದಲು ಉಪನಗರದ ಇನ್ನೊಬ್ಬ ಸಲಹೆಗಾರರನ್ನು ಕಂಡಿದ್ದೆವು. ಅವರು ವಿಷಯವನ್ನು ಪೂರ್ತಿ ಕೇಳುವ ಮೊದಲೇ ಇದು ಕಾಯಿಲೆಯೆಂದೂ, ಹತ್ತು ಭೇಟಿಗಳಲ್ಲಿ ಬಿಡಿಸಿಕೊಡುವುದಾಗಿಯೂ ಹೇಳಿ, ಅಷ್ಟೂ ಭೇಟಿಗಳ ಹಣವನ್ನು ಮುಂಗಡ ಕೇಳಿದರು. ಯಜಮಾನರಿಗೆ ನಿಜವಾಗಿ ಏನು ತೊಂದರೆ ಎಂಬುದನ್ನು ಅವರು ವಿಚಾರಿಸಲೇ ಇಲ್ಲ.

ದಾದರಿನಲ್ಲಿ ನಮ್ಮನ್ನು ನೋಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್. ನೋಂದಣಿ ಪತ್ರ ಗೋಡೆಯ ಮೇಲೇ ಇದೆ. ಅವರ ಮೊದಲ ಪ್ರಶ್ನೆ ಬಟ್ಟೆಯ ಕುರಿತದ್ದಾಗಿರಲಿಲ್ಲ. ಸೀರೆ ಉಟ್ಟಾಗ ಸಂಕಟವಾಗುತ್ತದೆಯೇ, ಅಥವಾ ಯಾರಾದರೂ ನೋಡಿಬಿಟ್ಟಾರೆಂಬ ಭಯದಿಂದ ಸಂಕಟವೇ ಎಂದು ಕೇಳಿದರು. ಉತ್ತರ ಎರಡನೆಯದು. ಬಳಿಕ ನನ್ನ ತಲೆಯಲ್ಲಿ ಕಲಸಿಹೋಗಿದ್ದ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಒಂದು ಲಿಂಗಕ್ಕೆ ಸೇರಿದ್ದೆಂದು ಸಮಾಜ ಎಣಿಸುವ ಉಡುಪನ್ನು ಇನ್ನೊಂದು ಲಿಂಗದವರು ತೊಡುವುದಷ್ಟೇ ಕ್ರಾಸ್‌ಡ್ರೆಸ್ಸಿಂಗ್. ಸಮಾಧಾನ, ಕುತೂಹಲ, ಸೊಗಸು, ಕೆಲವರಲ್ಲಿ ಲೈಂಗಿಕ ಉದ್ರೇಕ, ಹೀಗೆ ಅದಕ್ಕೆ ಕಾರಣಗಳು ಹಲವು. ಡ್ರ್ಯಾಗ್ ಎಂದರೆ ಅಂಥ ವೇಷ ತೊಟ್ಟು ಪ್ರೇಕ್ಷಕರ ಮುಂದೆ ನೀಡುವ ಪ್ರದರ್ಶನ. ಲಿಂಗತ್ವ ಅಲ್ಪಸಂಖ್ಯಾತರ ವಿಷಯ ಉಡುಪಿನದಲ್ಲ, ತಾನು ಯಾರೆಂಬ ಒಳಗಿನ ಅರಿವಿನದು. ಯಾರತ್ತ ಮನಸ್ಸು ಒಲಿಯುತ್ತದೆ ಎಂಬುದು ಇವೆಲ್ಲಕ್ಕಿಂತ ಬೇರೆ. ಸೀರೆ ಉಡುವ ಗಂಡಸರಲ್ಲಿ ಹೆಂಗಸರನ್ನೇ ಪ್ರೀತಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಕೊನೆಯ ಮಾತನ್ನು ಕೇಳಲು ನಾನು ಎಷ್ಟು ಕಾತರಳಾಗಿದ್ದೆನೆಂಬುದು ಅವರಿಗೆ ಗೊತ್ತಾಗಿರಬೇಕು, ನಿಧಾನವಾಗಿ ಎರಡು ಸಲ ಹೇಳಿದರು. (ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಯಕ್ಷಗಾನ ಕಲಾವಿದರ ಸ್ತ್ರೀವೇಷವನ್ನು ಮೆಚ್ಚಿ ಚಪ್ಪಾಳೆ ತಟ್ಟುವ ನಮ್ಮ ನೆಂಟರಿಷ್ಟರೇ ಈ ವಿಷಯಕ್ಕೆ ಏನನ್ನುತ್ತಿದ್ದರೆಂದು ಊಹಿಸಿ ನನಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದವು.)

ವೈದ್ಯಶಾಸ್ತ್ರ ಇದನ್ನು ಹೇಗೆ ಕಂಡಿದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಜರ್ಮನಿಯ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಇಂಥ ಉಡುಪು ತೊಡುವವರನ್ನು ಕುರಿತು 1910ರಲ್ಲಿ ಬಳಕೆಗೆ ತಂದ ಟ್ರಾನ್ಸ್‌ವೆಸ್ಟೈಟ್ ಎಂಬ ಪದಕ್ಕೆ ಕಾಲಕ್ರಮದಲ್ಲಿ ರೋಗದ ವಾಸನೆ ಹತ್ತಿಕೊಂಡದ್ದರಿಂದ ಇಂದು ಅದನ್ನು ಅವಹೇಳನವೆಂದು ಭಾವಿಸುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೆಯ ಆವೃತ್ತಿಯಲ್ಲಿ ಇದಕ್ಕೆ ಸಂಬಂಧಿಸಿದ ಎರಡು ನಮೂದುಗಳಿದ್ದವು. 2019ರಲ್ಲಿ ಅಂಗೀಕೃತವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದ 11ನೆಯ ಆವೃತ್ತಿಯಲ್ಲಿ ಎರಡೂ ಇಲ್ಲ. ಅಮೆರಿಕದ ಮನೋವೈದ್ಯರ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಟ್ರಾನ್ಸ್‌ವೆಸ್ಟಿಕ್ ಡಿಸಾರ್ಡರ್ ಎಂಬ ಕಾಯಿಲೆಯ ಹೆಸರು ಉಳಿದಿದೆಯಾದರೂ, ಕನಿಷ್ಠ 6 ತಿಂಗಳು ಉಡುಪಿನಿಂದ ತೀವ್ರ ಲೈಂಗಿಕ ಉದ್ರೇಕವಿದ್ದು, ಅದರಿಂದ ಗಣನೀಯ ಸಂಕಟವೋ ಬದುಕಿನ ನಿರ್ವಹಣೆಗೆ ಅಡ್ಡಿಯೋ ಆದಾಗ ಮಾತ್ರ ಅದು ಅನ್ವಯಿಸುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೆಯ ಕಲಮಿನ ಪ್ರಕಾರವೂ, ಸುತ್ತಲಿನವರ ನೈತಿಕ ಅಥವಾ ಸಾಂಸ್ಕೃತಿಕ ಮೌಲ್ಯಗಳಿಗೆ ಒಗ್ಗಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿಯೆಂದು ನಿರ್ಧರಿಸುವಂತಿಲ್ಲ. ಉಪನಗರದ ಆ ಹತ್ತು ಭೇಟಿಗಳ ಪ್ಯಾಕೇಜು ಎಲ್ಲಿ ನಿಲ್ಲುತ್ತದೆಂದು ಆಗ ಅರ್ಥವಾಯಿತು.

ಹಾಗೆಂದು ಎಲ್ಲವೂ ಸರಿಯಿದೆ ಎಂದು ಬೆನ್ನು ತಟ್ಟಿ ಕಳಿಸುವವರಲ್ಲ ಅವರು. ಬಚ್ಚಿಟ್ಟು ಬದುಕುವುದರಿಂದ ಬರುವ ಆತಂಕ, ನಿದ್ರೆಗೇಡು, ನಾಚಿಕೆ ಇವಕ್ಕೆ ಚಿಕಿತ್ಸೆ ಬೇಕೆಂದರು. ಪಾಪಪ್ರಜ್ಞೆ ಹೆಚ್ಚಾದಾಗ ಕೊಂಡ ಬಟ್ಟೆಯನ್ನೆಲ್ಲ ಎಸೆಯುವುದು, ಇನ್ನು ಮುಟ್ಟುವುದಿಲ್ಲವೆಂದು ಆಣೆಯಿಡುವುದು, ಕೆಲವು ತಿಂಗಳ ಮೇಲೆ ಮತ್ತೆ ಕೊಳ್ಳುವುದು, ಇಂಥ ಸುತ್ತು ಅನೇಕರಲ್ಲಿ ಕಾಣುತ್ತದಂತೆ. ಯಜಮಾನರು ತಲೆ ತಗ್ಗಿಸಿ ಹೌದೆಂದರು. ಖಿನ್ನತೆ ಕಂಡುಬಂದರೆ ಔಷಧಕ್ಕಾಗಿ ಮನೋವೈದ್ಯರ ಬಳಿ ಕಳಿಸುವುದಾಗಿಯೂ ಮೊದಲೇ ತಿಳಿಸಿದರು. ನನ್ನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ನೀವು ಒಪ್ಪಲೇಬೇಕೆಂಬ ಒತ್ತಾಯವಿಲ್ಲ, ನಿಮಗೆ ನೋವಾದದ್ದು ಸೀರೆಗೋ ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೋ ಎಂದು ಕೇಳಿದ್ದು ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ ಭಾಗ. ಯಾವಾಗ ಉಡಬಹುದು, ಯಾರಿಗೆ ತಿಳಿಸಬೇಕು, ಮಕ್ಕಳ ವಿಷಯ ಏನು ಎಂಬುದನ್ನೆಲ್ಲ ಇಬ್ಬರೂ ಕೂತು ಬರೆದುಕೊಂಡೆವು. ನನ್ನ ರವಿಕೆಗಳನ್ನು ಮುಟ್ಟಬಾರದೆಂಬ ಷರತ್ತನ್ನು ನಾನೇ ಸೇರಿಸಿದೆ. ಅವುಗಳ ಹೊಲಿಗೆ ಏಕೆ ಬಿಡುತ್ತಿತ್ತೆಂಬುದು ತಿಳಿದಮೇಲೆ ದರ್ಜಿಯ ಮೇಲಿದ್ದ ಕೋಪ ಇಳಿಯಿತು.

ಕುಂದುಗಳೂ ಇವೆ. ಲಿಫ್ಟ್ ಇಲ್ಲ. ಕಾಯುವ ಜಾಗ ಪಕ್ಕದ ಫಿಸಿಯೋಥೆರಪಿಯವರೊಡನೆ ಹಂಚಿಕೊಂಡದ್ದಾದ್ದರಿಂದ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ; ಗೋಪ್ಯತೆಯೇ ಮುಖ್ಯವಾದ ಇಂಥ ಕಡೆ ಇದನ್ನು ಕ್ಷಮಿಸುವುದು ಕಷ್ಟ. 50 ನಿಮಿಷಕ್ಕೆ 1,800 ರೂಪಾಯಿ ಮಧ್ಯಮ ವರ್ಗದವರಿಗೆ ಹೊರೆಯೇ. ಮಾತುಕತೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಮುಂಬಯಿಯಲ್ಲಿ ಬೆಳೆದ ಯಜಮಾನರಿಗೆ ಅದು ತೊಡಕಾಗಲಿಲ್ಲ, ಧಾರವಾಡದಿಂದ ಬಂದ ನನಗೆ ಅಳು ಬಂದಾಗ ಮರಾಠಿ ಕೈಕೊಟ್ಟಿತು. ಕನ್ನಡದಲ್ಲೇ ಮಾತನಾಡಬೇಕೆನ್ನುವವರು 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು. ದಂಪತಿಗಳು ಜೊತೆಯಾಗಿ ಕೂತು ನಡೆಸಬೇಕಾದ ದೀರ್ಘ ಮಾತುಕತೆಗೆ ಮಾತ್ರ ಮುಖಾಮುಖಿ ಭೇಟಿಯೇ ಮೇಲು. ಸಂಜೆಯ ಸಮಯ ಬೇಗ ತುಂಬುತ್ತದೆ, ವಾರದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕೇಳಿದರೆ ಸುಲಭವಾಗಿ ಸಿಗುತ್ತದೆ, ಆಗ ಕಾಯುವ ಜಾಗವೂ ಹೆಚ್ಚುಕಡಿಮೆ ಖಾಲಿ ಇರುತ್ತದೆ.